ಕನ್ನಡದ ಸಾಕ್ಷಿ, ಮರಾಠಿಯ ಕಡತ, ಇಂಗ್ಲಿಷಿನ ಅಪೀಲು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಹಳ್ಳಿಯೊಂದರ ಹೊಡೆದಾಟವೋ ಹೊಲದ ಬದುವಿನ ತಕರಾರೋ ಕೋರ್ಟಿನ ಮೆಟ್ಟಿಲೇರಿದಾಗ, ಅದನ್ನು ಕಣ್ಣಾರೆ ಕಂಡವರು ಬಹುಮಟ್ಟಿಗೆ ಕನ್ನಡದಲ್ಲಿ ಹೇಳುತ್ತಾರೆ, ಪೊಲೀಸರು ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ, ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳು ಮರಾಠಿಯಲ್ಲಿಯೇ ವಿಚಾರಣೆ ನಡೆಸುತ್ತವೆ, ಮೇಲ್ಮನವಿ ಹೈಕೋರ್ಟಿಗೆ ಹೋದರೆ ಅದೇ ಸಂಗತಿ ಇಂಗ್ಲಿಷಿಗೆ ತಿರುಗಿದ ಮೇಲಷ್ಟೇ ನ್ಯಾಯಮೂರ್ತಿಗಳ ಕಣ್ಣಿಗೆ ಬೀಳುತ್ತದೆ. ಹೊಸ ದಂಡ ಸಂಹಿತೆಗಳು, ವಿದ್ಯುನ್ಮಾನ ದಾಖಲಾತಿ, ದೂರದ ಹೈಕೋರ್ಟು, ಕಿರಿಯ ವಕೀಲರ ಸಂಪಾದನೆ ಎಂದು ಇಂದಿನ ವಕೀಲಿ ವೃತ್ತಿಯ ಸಂಕಷ್ಟಗಳನ್ನು ಎಲ್ಲೆಡೆ ಎಣಿಸಲಾಗುತ್ತಿದೆ. ಈ ಗಡಿ ಭಾಗದಲ್ಲಿ ಅವೆಲ್ಲವೂ ಇನ್ನೊಂದು ಹಳೆಯ ಕೊರತೆಯ ಮೂಲಕವೇ ಹಾದುಬರುತ್ತವೆ. ಇಲ್ಲಿನ ವಕೀಲನು ಕಕ್ಷಿದಾರನ ಪರ ವಾದಿಸುವುದರ ಜೊತೆಗೆ ಯಾರೂ ನೇಮಿಸದ, ಯಾರೂ ಸಂಬಳ ಕೊಡದ, ಯಾವ ಪ್ರಮಾಣವನ್ನೂ ಸ್ವೀಕರಿಸದ ದುಭಾಷಿಯೂ ಆಗಬೇಕಾಗುತ್ತದೆ.

ಇದರ ಬೇರು ಭೂಪಟದಲ್ಲಿದೆ. ಭೋಸಲೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದ ಅಕ್ಕಲಕೋಟವು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡು ಸೊಲ್ಲಾಪುರ ಜಿಲ್ಲೆಯ ಭಾಗವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಇಂಡಿ, ಆಳಂದ, ಅಫಜಲಪುರಗಳು ಮೈಸೂರು ರಾಜ್ಯಕ್ಕೆ ಸೇರಿದರೆ ಅಕ್ಕಲಕೋಟ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಎರಡು ರಾಜ್ಯಗಳ ಗಡಿ ತಕರಾರನ್ನು ಪರಿಶೀಲಿಸಲು 1966ರ ಅಕ್ಟೋಬರಿನಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ಸಲ್ಲಿಸಿದ ವರದಿಯಲ್ಲಿ ಅಕ್ಕಲಕೋಟ ತಾಲ್ಲೂಕನ್ನೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳನ್ನೂ ಮೈಸೂರಿಗೆ ಕೊಡಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ವರದಿಯನ್ನೇ ತಳ್ಳಿಹಾಕಿತು, 2004ರಲ್ಲಿ ಬೆಳಗಾವಿ ಮೊದಲಾದ ಪ್ರದೇಶಗಳಿಗಾಗಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. 2022ರ ಕೊನೆಯಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟಗಳ ಮೇಲೆ ಹಕ್ಕು ಮಂಡಿಸಿದಾಗ ಆ ವಿವಾದ ಮತ್ತೆ ಕಾವೇರಿತು. ಅಕ್ಕಲಕೋಟ ಯಾವ ರಾಜ್ಯಕ್ಕೆ ಸೇರಬೇಕೆಂಬ ಪ್ರಶ್ನೆಗೆ ಕೊಟ್ಟ ಗಮನದ ಹತ್ತರಲ್ಲಿ ಒಂದು ಪಾಲನ್ನಾದರೂ, ಅದು ಈಗಿರುವ ರಾಜ್ಯದ ನ್ಯಾಯಾಲಯದಲ್ಲಿ ಅಲ್ಲಿನ ಕನ್ನಡಿಗನ ಮಾತು ಹೇಗೆ ದಾಖಲಾಗುತ್ತದೆ ಎಂಬುದಕ್ಕೆ ಎರಡೂ ಸರ್ಕಾರಗಳು ಕೊಟ್ಟಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಸಂವಿಧಾನದ 348ನೇ ಅನುಚ್ಛೇದದಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅದರ ಕೆಳಗಿನ ಸಿವಿಲ್ ನ್ಯಾಯಾಲಯಗಳ ಭಾಷೆ ಯಾವುದೆಂದು ಗೊತ್ತುಪಡಿಸುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 137, ಕ್ರಿಮಿನಲ್ ನ್ಯಾಯಾಲಯಗಳ ಭಾಷೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 272 ರಾಜ್ಯ ಸರ್ಕಾರಕ್ಕೆ ಕೊಟ್ಟಿದ್ದವು. ಕ್ರಿಮಿನಲ್ ನ್ಯಾಯಾಲಯಗಳ ಮಟ್ಟಿಗೆ ಅದೇ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 307ರಲ್ಲಿದೆ. ಮಹಾರಾಷ್ಟ್ರ ಸರ್ಕಾರ 1998ರಲ್ಲಿ ಈ ಅಧಿಕಾರವನ್ನು ಬಳಸಿ ಅಧೀನ ನ್ಯಾಯಾಲಯಗಳ ಭಾಷೆ ಮರಾಠಿ ಎಂದು ಘೋಷಿಸಿತು. ಮರಾಠಿ ಮಾತಾಡುವ ಬಹುಕೋಟಿ ಜನರಿಗೆ ನ್ಯಾಯವನ್ನು ಹತ್ತಿರ ತಂದ ಈ ಕ್ರಮ ಸರಿಯಾದದ್ದೇ, ಇಂಥದೇ ಕ್ರಮಕ್ಕಾಗಿ ಕನ್ನಡಿಗರೂ ಕರ್ನಾಟಕದಲ್ಲಿ ದಶಕಗಳ ಕಾಲ ಒತ್ತಾಯಿಸಿದ್ದಾರೆ. ಆದರೆ ಅದೇ ಕಲಮುಗಳು ಒಂದು ತಾಲ್ಲೂಕಿನ ನ್ಯಾಯಾಲಯಕ್ಕೆ ಎರಡನೆಯ ಭಾಷೆಯನ್ನು ಸೇರಿಸಲು ಅಡ್ಡಿ ಮಾಡುವುದಿಲ್ಲ; ರಾಜ್ಯದ ಜನಸಂಖ್ಯೆಯ ಗಣನೀಯ ಪಾಲು ಬಯಸಿದರೆ ಅವರಾಡುವ ಭಾಷೆಗೆ ಇಡೀ ರಾಜ್ಯದಲ್ಲಿ ಅಥವಾ ಅದರ ಒಂದು ಭಾಗದಲ್ಲಿ ಅಧಿಕೃತ ಮನ್ನಣೆ ಕೊಡಿಸಲು ರಾಷ್ಟ್ರಪತಿಗೆ ಅವಕಾಶ ಕೊಡುವ 347ನೇ ಅನುಚ್ಛೇದವೂ ಇದೆ. ಕೇರಳದ 1969ರ ರಾಜಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದು ಹೇಳುತ್ತದೆ, ಕಾಸರಗೋಡಿನ ಕನ್ನಡಿಗರು ಅದನ್ನು ಹಿಡಿದು ಹಕ್ಕು ಕೇಳಲು ಸಾಧ್ಯವಾಗಿದೆ. ಅಕೋಲಾ ಜಿಲ್ಲೆಯ ಪಾತೂರು ನಗರ ಪರಿಷತ್ತಿನ ನಾಮಫಲಕದಲ್ಲಿ ಮರಾಠಿಯ ಜೊತೆಗೆ ಉರ್ದು ಇರಬಾರದೆಂಬ ವಾದವನ್ನು ಸುಪ್ರೀಂ ಕೋರ್ಟು 2025ರ ಏಪ್ರಿಲಿನಲ್ಲಿ ತಿರಸ್ಕರಿಸಿತು. ಅಲ್ಲಿ ಪ್ರಶ್ನೆ ನಾಮಫಲಕದ್ದಾದರೂ, ರಾಜ್ಯಭಾಷೆಯ ಪಕ್ಕದಲ್ಲಿ ಇನ್ನೊಂದು ಭಾಷೆ ನಿಂತರೆ ರಾಜ್ಯಭಾಷೆಗೆ ಕುಂದಿಲ್ಲ ಎಂಬ ತರ್ಕ ಗಡಿ ತಾಲ್ಲೂಕುಗಳಿಗೂ ಒಪ್ಪುವಂಥದು.

ಎರಡನೆಯ ಭಾಷೆಯ ಮಾತು ಹಾಗಿರಲಿ, ಸಾಕ್ಷ್ಯವನ್ನು ಹೇಗೆ ಬರೆದುಕೊಳ್ಳಬೇಕೆಂಬ ನಿಯಮಗಳೇ ಸಾಕಷ್ಟು ಸ್ಪಷ್ಟವಾಗಿವೆ. ಸಾಕ್ಷಿಯು ನ್ಯಾಯಾಲಯದ ಭಾಷೆಯನ್ನು ಬಿಟ್ಟು ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಆ ಭಾಷೆಯಲ್ಲಿಯೇ ಅದನ್ನು ಬರೆದುಕೊಳ್ಳಬಹುದು. ಸಾಧ್ಯವಾಗದಿದ್ದರೆ ವಿಚಾರಣೆ ಸಾಗುತ್ತಿದ್ದಂತೆಯೇ ನ್ಯಾಯಾಲಯದ ಭಾಷೆಗೆ ಯಥಾರ್ಥ ಅನುವಾದ ಮಾಡಿಸಿ, ನ್ಯಾಯಾಧೀಶರು ಸಹಿ ಮಾಡಿ, ಅದನ್ನು ಕಡತದ ಭಾಗವಾಗಿಸಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 312 ಹೇಳುತ್ತದೆ. ಬರೆದದ್ದನ್ನು ಸಾಕ್ಷಿಗೆ ಅವನು ನುಡಿದ ಭಾಷೆಯಲ್ಲಿ ತಿಳಿಸಬೇಕೆಂದು ಕಲಂ 313, ಆರೋಪಿಗೆ ಅರ್ಥವಾಗದ ಭಾಷೆಯ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂದು ಕಲಂ 314, ದುಭಾಷಿಯು ಯಥಾರ್ಥವಾಗಿ ಅನುವಾದಿಸಲು ಬದ್ಧನೆಂದು ಕಲಂ 317 ವಿಧಿಸುತ್ತವೆ. ಸಿವಿಲ್ ದಾವೆಗಳಲ್ಲಿ ಸಂಹಿತೆಯ 18ನೇ ಆದೇಶದ 6ನೇ ನಿಯಮ ಇದೇ ಕೆಲಸ ಮಾಡುತ್ತದೆ. 1969ರ ಪ್ರಮಾಣವಚನ ಕಾಯ್ದೆಯು ಸಾಕ್ಷಿಯಂತೆಯೇ ದುಭಾಷಿಯಿಂದಲೂ ಪ್ರಮಾಣ ಮಾಡಿಸಬೇಕೆನ್ನುತ್ತದೆ, ಏಕೆಂದರೆ ಅವನ ಬಾಯಿಂದ ಬಂದದ್ದೇ ಮುಂದೆ ಸಾಕ್ಷ್ಯವೆನಿಸುತ್ತದೆ.

ನಿಯಮದ ಈ ಬಿಗಿ ಕೋರ್ಟಿನ ಗದ್ದಲದಲ್ಲಿ ಸುಲಭವಾಗಿ ಸಡಿಲಗೊಳ್ಳುತ್ತದೆ. ನ್ಯಾಯಾಧೀಶರು ಇಡೀ ರಾಜ್ಯದಲ್ಲಿ ವರ್ಗಾವಣೆಗೊಳ್ಳುವವರು. ವಿದರ್ಭದಿಂದಲೋ ಕೊಂಕಣದಿಂದಲೋ ಬಂದವರಿಗೆ ಭೀಮಾ ತೀರದ ಕನ್ನಡ ಅರ್ಥವಾಗಬೇಕೆಂದು ನಿರೀಕ್ಷಿಸುವಂತಿಲ್ಲ. ಆಗ ಗಡಿ ಭಾಗದ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಕನ್ನಡ ಬಲ್ಲ ಗುಮಾಸ್ತನೋ ಪೊಲೀಸನೋ ಕೈಬಿಡುವಿದ್ದ ವಕೀಲನೋ ನಡುವೆ ನಿಂತು ಪ್ರಶ್ನೆಯನ್ನೂ ಉತ್ತರವನ್ನೂ ದಾಟಿಸುತ್ತಾನೆ. ಕೆಲವೊಮ್ಮೆ ಪಾಟೀಸವಾಲು ಮಾಡುವ ವಕೀಲನೇ ತನ್ನ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಉತ್ತರವನ್ನು ಮರಾಠಿಯಲ್ಲಿ ನ್ಯಾಯಾಧೀಶರಿಗೆ ಹೇಳುತ್ತಾನೆ, ಎದುರು ವಕೀಲ ಕನ್ನಡ ಬಲ್ಲವನಾದರೆ ತಕರಾರು ತೆಗೆಯುತ್ತಾನೆ, ಅರಿಯದವನಾದರೆ ಸುಮ್ಮನಿರುತ್ತಾನೆ. ಯಾವ ಪ್ರಕರಣದಲ್ಲಿ ತಾನೇ ಸಾಕ್ಷಿಯಾಗಬೇಕಾದೀತೆಂದು ತೋರುತ್ತದೋ ಅದರಲ್ಲಿ ವಕೀಲಿ ಮಾಡಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಿಯಮಗಳು ಹೇಳುತ್ತವೆ. ಸಾಕ್ಷಿ ಹೇಳಿದ್ದೇನು ಎಂಬುದರ ಬಗ್ಗೆಯೇ ಆಮೇಲೆ ವಿವಾದ ಹುಟ್ಟಿದರೆ ಅನುವಾದಿಸಿದ ವಕೀಲನ ನೆನಪೇ ಪುರಾವೆಯಾಗುತ್ತದೆ ಎಂಬ ಇಕ್ಕಟ್ಟನ್ನು ಆ ನಿಯಮ ರೂಪಿಸಿದವರು ಊಹಿಸಿರಲಾರರು.

ಈ ಸಡಿಲತನದ ಬೆಲೆ ಹೆಚ್ಚಾಗಿ ತೆರಬೇಕಾಗುವುದು ಪಾಟೀಸವಾಲಿನಲ್ಲಿ. ಪೊಲೀಸರು ತನಿಖೆಯ ವೇಳೆ ಬರೆದುಕೊಳ್ಳುವ ಹೇಳಿಕೆಯನ್ನು ಈ ಭಾಗದ ಜನ ಜಬಾಬು ಎನ್ನುತ್ತಾರೆ. ಅದಕ್ಕೆ ಸಾಕ್ಷಿಯ ಸಹಿ ಇರುವುದಿಲ್ಲ, ಅದು ಸ್ವತಂತ್ರ ಪುರಾವೆಯೂ ಅಲ್ಲ. ಆದರೆ ಕೋರ್ಟಿನಲ್ಲಿ ನುಡಿದದ್ದು ಜಬಾಬಿಗೆ ವಿರುದ್ಧವಾಗಿದ್ದರೆ ಆ ವಿರೋಧವನ್ನು ಎತ್ತಿ ತೋರಿಸಲು ಆರೋಪಿಯ ವಕೀಲ ಅದನ್ನು ಬಳಸಬಹುದು. ಮುಖ್ಯ ಸಂಗತಿಯೊಂದು ಜಬಾಬಿನಲ್ಲಿ ಬಿಟ್ಟುಹೋಗಿದ್ದರೆ ಅದೂ ಕೆಲವು ಸಂದರ್ಭಗಳಲ್ಲಿ ವಿರೋಧಕ್ಕೆ ಸಮವೆಂದು ಸುಪ್ರೀಂ ಕೋರ್ಟು 1959ರ ತಹಸೀಲ್ದಾರ್ ಸಿಂಗ್ ಪ್ರಕರಣದಲ್ಲಿ ವಿವರಿಸಿತು, ಅಂದಿನಿಂದ ಭಾರತದ ಕ್ರಿಮಿನಲ್ ವಕೀಲಿಯ ಅರ್ಧ ಕಸುಬು ಈ ಬಿಟ್ಟುಹೋದ ಮಾತುಗಳನ್ನು ಹುಡುಕುವುದೇ ಆಗಿದೆ. ಅಕ್ಕಲಕೋಟದ ಹಳ್ಳಿಯ ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಹವಾಲ್ದಾರ ಮರಾಠಿಯಲ್ಲಿ ಸಂಕ್ಷೇಪಿಸಿ ಬರೆದಿದ್ದಾಗ, ಬಿಟ್ಟವನು ಸಾಕ್ಷಿಯೋ ಬರೆದವನೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಇದರಿಂದ ನಿಜ ನುಡಿದ ಫಿರ್ಯಾದಿಯ ಪ್ರಕರಣ ಬಿದ್ದುಹೋಗಬಹುದು. ಬರೆದವನ ಕೈವಾಡದಿಂದ ಹುಟ್ಟಿದ ಸ್ಪಷ್ಟತೆಯೇ ನಿರಪರಾಧಿಯ ಕೊರಳಿಗೆ ಬರಲೂಬಹುದು.

ಮರಣಪೂರ್ವ ಹೇಳಿಕೆಗಳಲ್ಲಿ ಈ ಅಪಾಯ ಇನ್ನೂ ತೀವ್ರ. ಸಾಯುತ್ತಿರುವ ವ್ಯಕ್ತಿ ತನ್ನ ಸಾವಿನ ಕಾರಣದ ಬಗ್ಗೆ ಹೇಳಿದ ಮಾತನ್ನು, ಅವನನ್ನು ಪಾಟೀಸವಾಲಿಗೆ ಒಳಪಡಿಸಲು ಸಾಧ್ಯವಿಲ್ಲದಿದ್ದರೂ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 26 ಪುರಾವೆಯೆಂದು ಒಪ್ಪುತ್ತದೆ. ನಂಬಿಕೆಗೆ ಅರ್ಹವಾದರೆ ಅದೊಂದರ ಮೇಲೆಯೇ ಜೀವಾವಧಿ ಶಿಕ್ಷೆಯನ್ನೂ ವಿಧಿಸಬಹುದು. ಸುಟ್ಟ ಗಾಯಗಳಿಂದ ಸೊಲ್ಲಾಪುರದ ಸರ್ಕಾರಿ ಆಸ್ಪತ್ರೆ ಸೇರುವ ಹೆಣ್ಣುಮಗಳು ತವರಿನ ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಬರೆದುಕೊಂಡರೆ ಆ ಒಂದೇ ಕಾರಣಕ್ಕೆ ಹೇಳಿಕೆ ಅಸಿಂಧುವಾಗುವುದಿಲ್ಲ. ಆದರೆ ಬರೆದವರಿಗೆ ಕನ್ನಡ ಬರುತ್ತಿತ್ತೇ, ಓದಿ ಹೇಳಿದ್ದು ಯಾವ ಭಾಷೆಯಲ್ಲಿ, ಪಕ್ಕದಲ್ಲಿ ನಿಂತು ತಿಳಿಸಿದವರು ಗಂಡನ ಕಡೆಯವರೋ ತವರಿನವರೋ ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಹೇಳಿಕೆಯ ತುದಿಯಲ್ಲಿ ಇದನ್ನು ಎರಡು ಸಾಲಿನಲ್ಲಿ ನಮೂದಿಸಿದ್ದರೆ ವಿಚಾರಣೆಯಲ್ಲಿ ಎಷ್ಟೋ ತಾರೀಖುಗಳು ಉಳಿಯುತ್ತವೆ.

ಬಂಧನದ ವಿಷಯದಲ್ಲಿ ಮಾತ್ರ ಈಚೆಗೆ ಗಡಿನಾಡಿನ ವಕೀಲರ ಕೈಗೆ ಗಟ್ಟಿಯಾದ ಆಧಾರವೊಂದು ಸಿಕ್ಕಿದೆ. ಮಿಹಿರ್ ರಾಜೇಶ್ ಶಾ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟು, ಯಾವುದೇ ಅಪರಾಧವಾಗಲಿ ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು, ಸ್ಥಳದಲ್ಲಿಯೇ ಕೊಡಲಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ರಿಮಾಂಡಿಗಾಗಿ ದಂಡಾಧಿಕಾರಿಯ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಬರೆಹದಲ್ಲಿ ಕೊಡಬೇಕು, ಇಲ್ಲವಾದರೆ ಬಂಧನವೂ ರಿಮಾಂಡೂ ಕಾನೂನುಬಾಹಿರವಾಗುತ್ತವೆ ಎಂದು ತೀರ್ಪಿತ್ತಿತು. ಮುಂಬಯಿಯ ವರಳಿಯಲ್ಲಿ ನಡೆದ ಕಾರು ಅಪಘಾತದಿಂದ ಹುಟ್ಟಿದ ಈ ತೀರ್ಪಿನ ಬೇರು ಇದೇ ರಾಜ್ಯದ ಇನ್ನೊಂದು ಪ್ರಕರಣದಲ್ಲಿದೆ. 1962ರಲ್ಲಿ ನಿರ್ಧಾರವಾದ ಹರಿಕಿಸನ್ ಪ್ರಕರಣದಲ್ಲಿ, ಮುನ್ನೆಚ್ಚರಿಕೆಯ ಬಂಧನಕ್ಕೆ ಒಳಗಾದ ವ್ಯಕ್ತಿಯೊಬ್ಬರು ತಮಗೆ ಇಂಗ್ಲಿಷ್ ಬಾರದು, ಕಾರಣಗಳನ್ನು ಹಿಂದಿಯಲ್ಲಿ ಕೊಡಿ ಎಂದು ಕೇಳಿದ್ದರು. ಇಂಗ್ಲಿಷೇ ಅಧಿಕೃತ ಭಾಷೆ ಎಂದು ಸರ್ಕಾರ ನಿರಾಕರಿಸಿತ್ತು. ಸುಪ್ರೀಂ ಕೋರ್ಟು ಬಂಧನವನ್ನೇ ರದ್ದುಗೊಳಿಸಿತು. ಹೀಗಾಗಿ ಅಕ್ಕಲಕೋಟದಲ್ಲಿ ಕನ್ನಡವನ್ನಷ್ಟೇ ಓದಬಲ್ಲ ಬಂಧಿತನಿಗೆ ಮರಾಠಿ ನಮೂನೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುವುದು ಇನ್ನು ಸಾಲದು. ವಕೀಲರು ಈ ತಕರಾರನ್ನು ಮೊದಲ ರಿಮಾಂಡಿನ ದಿನವೇ ಎತ್ತಬೇಕು, ಅದಕ್ಕೆ ಬೇಕಾದ ಎಚ್ಚರ ಕಾನೂನು ನೆರವಿನ ಪಟ್ಟಿಯಲ್ಲಿರುವ ಕಿರಿಯರಿಗೂ ಇರಬೇಕು.

ಸಿವಿಲ್ ದಾವೆಗಳಲ್ಲಿ ಭಾಷೆಯ ತೊಡಕು ಕಾಗದದ ರೂಪ ತಾಳುತ್ತದೆ. ಮಹಾರಾಷ್ಟ್ರದ ಹೊಲದ ದಾಖಲೆ ಸಾತಬಾರಾ ಉತಾರ, ಹಕ್ಕು ಬದಲಾವಣೆಯ ನೋಂದಣಿ ಫೇರಫಾರ. ಗಡಿ ದಾಟಿದರೆ ಅದೇ ಕೆಲಸ ಮಾಡುವುದು ಕನ್ನಡದ ಪಹಣಿ. ಕುಟುಂಬದ ಜಮೀನು ಅರ್ಧ ಅಕ್ಕಲಕೋಟದಲ್ಲಿ, ಅರ್ಧ ಆಳಂದದಲ್ಲಿ ಇದ್ದರೆ ವಾಟಣಿಯ ದಾವೆಯಲ್ಲಿ ಎರಡು ರಾಜ್ಯಗಳ ಕಂದಾಯ ಕಾಯ್ದೆಗಳೂ ಎರಡು ಲಿಪಿಗಳೂ ಒಂದೇ ಕಡತದಲ್ಲಿ ಸೇರುತ್ತವೆ, ಕನ್ನಡದ ಖರೀದಿ ಪತ್ರಕ್ಕೆ ಮರಾಠಿ ಅನುವಾದ, ಅಪೀಲಿನ ಹಂತದಲ್ಲಿ ಎರಡಕ್ಕೂ ಇಂಗ್ಲಿಷ್ ಅನುವಾದ ಮಾಡಿಸುವ ಖರ್ಚು ಕಕ್ಷಿದಾರನ ತಲೆಯ ಮೇಲೆ ಬೀಳುತ್ತದೆ. ಸಂಸ್ಥಾನ ಕಾಲದ ಹಳೆಯ ದಾಖಲೆಗಳು ಮೋಡಿ ಲಿಪಿಯಲ್ಲಿದ್ದರೆ ಅದನ್ನು ಓದಬಲ್ಲವರನ್ನು ಹುಡುಕುವುದೇ ಒಂದು ಕೆಲಸ. ಇನ್ನೊಂದು ಕಡೆ, ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿ ಮಾಧ್ಯಮದಲ್ಲಿ ಓದಿದ ಈ ಭಾಗದ ಕಿರಿಯ ವಕೀಲರಲ್ಲಿ ಹಲವರು ಕಕ್ಷಿದಾರನೊಂದಿಗೆ ನಿರರ್ಗಳವಾಗಿ ಮಾತಾಡಬಲ್ಲರು, ಅವನು ತಂದ ಕನ್ನಡ ದಸ್ತಾವೇಜನ್ನು ಮಾತ್ರ ಓದಲಾರರು.

ಸೂರತ್‌-ಚೆನ್ನೈ ಹೆದ್ದಾರಿಗಾಗಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಬಾರ್ಶಿ ತಾಲ್ಲೂಕುಗಳಲ್ಲಿ ನಡೆದ ಭೂಸ್ವಾಧೀನ ಈ ತೊಡಕಿಗೆ ಹೊಸ ಪ್ರಮಾಣವನ್ನು ತಂದಿತು. ಪರಿಹಾರ ಕಡಿಮೆಯೆಂದು ರೈತರು ಪ್ರತಿಭಟಿಸಿದ್ದಾರೆ. ಆದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಪರಿಹಾರದ ವಿವಾದ ನೇರವಾಗಿ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಸಕ್ಷಮ ಪ್ರಾಧಿಕಾರ ಗೊತ್ತುಪಡಿಸಿದ ಮೊತ್ತವನ್ನು ಒಪ್ಪದವರು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಿಕೆಗಾರನ ಮುಂದೆ ಹೋಗಬೇಕು, ಅವನ ತೀರ್ಮಾನವನ್ನು ಜಿಲ್ಲಾ ನ್ಯಾಯಾಲಯದಲ್ಲಿ ಪ್ರಶ್ನಿಸಲು ಮೂರು ತಿಂಗಳು, ಕಾರಣ ತೋರಿಸಿದರೆ ಮತ್ತೆ ಮೂವತ್ತು ದಿನ ಮಾತ್ರ ಅವಕಾಶ. ಹೆದ್ದಾರಿಗೆ ಭೂಮಿ ಕಳೆದುಕೊಂಡವರಿಗೂ ಕಡ್ಡಾಯ ಸ್ವಾಧೀನದ ನೋವಿಗಾಗಿ ಕೊಡುವ ಹೆಚ್ಚುವರಿ ಮೊತ್ತ ಹಾಗೂ ಬಡ್ಡಿ ಸಲ್ಲಬೇಕೆಂದು 2019ರ ತರಸೇಮ್ ಸಿಂಗ್ ತೀರ್ಪು ಹೇಳಿತು. ನ್ಯಾಯಾಲಯವು ಮಧ್ಯಸ್ಥಿಕೆಯ ಮೊತ್ತವನ್ನು ತಾನೇ ತಿದ್ದಬಹುದೇ ಎಂಬ ಪ್ರಶ್ನೆಗೆ 2021ರ ಹಕೀಂ ಪ್ರಕರಣದಲ್ಲಿ ಸಿಕ್ಕ ‘ಇಲ್ಲ’ ಎಂಬ ಉತ್ತರವನ್ನು 2025ರ ಏಪ್ರಿಲಿನಲ್ಲಿ ಸಂವಿಧಾನ ಪೀಠ ಸೀಮಿತವಾಗಿ ಸಡಿಲಿಸಿದೆ. ಬದುಕಿಡೀ ಬದು, ವಾಟಣಿ, ದಾರಿಯ ತಕರಾರುಗಳನ್ನು ನಡೆಸಿದ ತಾಲ್ಲೂಕು ವಕೀಲ ಈ ತೀರ್ಪುಗಳ ಸರಣಿಯನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ರೈತನಿಗೆ ತಿಳಿಸಿ, ಅವಧಿ ಮೀರುವ ಮುನ್ನ ಅರ್ಜಿ ಹಾಕಬೇಕು. ಇಲ್ಲೊಂದು ಬಳಸದ ಅವಕಾಶವೂ ಇದೆ: 1996ರ ಮಧ್ಯಸ್ಥಿಕೆ ಕಾಯ್ದೆಯ ಕಲಂ 22ರಂತೆ ಕಲಾಪದ ಭಾಷೆಯನ್ನು ಪಕ್ಷಗಳು ತಾವೇ ಒಪ್ಪಿ ನಿರ್ಧರಿಸಬಹುದು, ಒಪ್ಪದಿದ್ದರೆ ಮಧ್ಯಸ್ಥಿಕೆಗಾರ ನಿರ್ಧರಿಸುತ್ತಾನೆ. ನ್ಯಾಯಾಲಯದಲ್ಲಿ ಕೇಳಲಾಗದ ಕನ್ನಡವನ್ನು ಅಲ್ಲಿ ಕೇಳಬಹುದು.

ಗಡಿಯಾಚೆಗೂ ಈಚೆಗೂ ಹೆಣ್ಣು ಕೊಟ್ಟು ತರುವ ಕುಟುಂಬಗಳ ವ್ಯಾಜ್ಯಗಳು ಇನ್ನೊಂದು ಬಗೆಯವು. ಆಳಂದದ ತವರಿನಲ್ಲಿರುವ ಹೆಂಡತಿ ಅಲ್ಲಿ ಜೀವನಾಂಶದ ಅರ್ಜಿ ಹಾಕುತ್ತಾಳೆ, ಅಕ್ಕಲಕೋಟದ ಗಂಡ ಇಲ್ಲಿ ವಿಚ್ಛೇದನದ ಅರ್ಜಿ ಹಾಕುತ್ತಾನೆ. ಎರಡೂ ಊರುಗಳ ನಡುವೆ ಬಸ್ಸಿನ ಪ್ರಯಾಣ ಒಂದೆರಡು ತಾಸಿನದು. ಆದರೆ ಒಂದು ರಾಜ್ಯದ ನ್ಯಾಯಾಲಯದಿಂದ ಇನ್ನೊಂದು ರಾಜ್ಯದ ನ್ಯಾಯಾಲಯಕ್ಕೆ ಪ್ರಕರಣವನ್ನು ವರ್ಗಾಯಿಸುವ ಅಧಿಕಾರ ಸಿವಿಲ್ ಸಂಹಿತೆಯ ಕಲಂ 25ರಂತೆ ಸುಪ್ರೀಂ ಕೋರ್ಟಿಗೆ ಮಾತ್ರ ಇರುವುದರಿಂದ, ಐವತ್ತು ಕಿಲೋಮೀಟರಿನ ಸುತ್ತಳತೆಯ ಜಗಳ ದಿಲ್ಲಿಗೆ ಹೋಗಿ ಬರಬೇಕಾಗುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಪರಿಸ್ಥಿತಿ ತುಸು ಹಗುರಾಗಿದೆ. ಪ್ರಿಯಾ ಇಂದೋರಿಯಾ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ 2023ರ ನವೆಂಬರಿನ ತೀರ್ಪಿನಂತೆ, ಬೇರೆ ರಾಜ್ಯದಲ್ಲಿ ದಾಖಲಾದ ದೂರಿಗೂ ತಾನಿರುವ ಊರಿನ ಸೆಷನ್ಸ್ ನ್ಯಾಯಾಲಯದಲ್ಲಿ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಕೇಳಬಹುದು. ಆಳಂದ ಠಾಣೆಯ ಪ್ರಕರಣದಲ್ಲಿ ಬಂಧನದ ಭಯವಿರುವ ಅಕ್ಕಲಕೋಟದವನು ಸೊಲ್ಲಾಪುರದಲ್ಲಿ ತಾತ್ಕಾಲಿಕ ರಕ್ಷಣೆ ಪಡೆದು ಕಲಬುರಗಿಗೆ ಹೋಗಲು ದಾರಿಯಾಗಿದೆ. ವಕೀಲರ ಅಧಿನಿಯಮದ ಕಲಂ 30 ಜಾರಿಗೆ ಬಂದ 2011ರಿಂದ ದೇಶದ ಯಾವುದೇ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಹಕ್ಕು ವಕೀಲನಿಗಿರುವುದರಿಂದ ಅದೇ ವಕೀಲ ಅಲ್ಲಿಗೂ ಹೋಗಬಹುದು. ಕಾಗದದ ಮೇಲಿನ ಈ ಹಕ್ಕನ್ನು ಕನ್ನಡ ಓದಲು ಬಾರದಿರುವುದು ಮೊಟಕುಗೊಳಿಸುತ್ತದೆ.

ಹೈಕೋರ್ಟಿನ ದೂರದ ಪ್ರಶ್ನೆ ಸೊಲ್ಲಾಪುರದ ವಕೀಲರ ಪಾಲಿಗೆ ಇಡೀ ಒಂದು ತಲೆಮಾರಿನ ಹೋರಾಟ. ಪಶ್ಚಿಮ ಮಹಾರಾಷ್ಟ್ರ ಮತ್ತು ಕೊಂಕಣದ ಆರು ಜಿಲ್ಲೆಗಳ ವಕೀಲರು ಕೊಲ್ಹಾಪುರದಲ್ಲಿ ಪೀಠ ಬೇಕೆಂದು ದಶಕಗಳ ಕಾಲ ಸಭೆ, ಧರಣಿ, ಕಲಾಪ ಬಹಿಷ್ಕಾರ ನಡೆಸಿದರು. ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2002ರ ಹರೀಶ್ ಉಪ್ಪಲ್ ತೀರ್ಪಿನಲ್ಲಿಯೇ ಹೇಳಿದ್ದರಿಂದ ಆ ಬಹಿಷ್ಕಾರಗಳ ನೈತಿಕತೆಯೂ ಚರ್ಚೆಯಾಯಿತು. ಕೊನೆಗೆ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಕಲಂ 51(3)ರ ಅಧಿಕಾರದಿಂದ ಬಾಂಬೆ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಅಲೋಕ್ ಅರಾಧೆ 2025ರ ಆಗಸ್ಟ್ 1ರಂದು ಅಧಿಸೂಚನೆ ಹೊರಡಿಸಿದರು. ಆಗಸ್ಟ್ 18ರಿಂದ ಕೊಲ್ಹಾಪುರದ ಸಂಚಾರಿ ಪೀಠ ಕಾರ್ಯಾರಂಭ ಮಾಡಿತು, ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ಪ್ರಕರಣಗಳು ಅಲ್ಲಿಗೆ ವರ್ಗವಾದವು.

ಕಿಲೋಮೀಟರಿನ ಲೆಕ್ಕದಲ್ಲಿ ಇದು ಸೊಲ್ಲಾಪುರಕ್ಕೆ ಲಾಭವೇ: ಮುಂಬಯಿ ಸುಮಾರು 400 ಕಿಲೋಮೀಟರ್ ದೂರವಾದರೆ ಕೊಲ್ಹಾಪುರ ಸುಮಾರು 240. ಆದರೆ ಪ್ರಯಾಣದ ಲೆಕ್ಕ ಬೇರೆ. ಮುಂಬಯಿಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಸುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಇದೆ, 2023ರ ಫೆಬ್ರುವರಿಯಿಂದ ವಂದೇ ಭಾರತ್ ಕೂಡ ಇದೆ. ಕೊಲ್ಹಾಪುರದ ದಾರಿ ಹೆಚ್ಚಾಗಿ ಮಂಗಳವೇಢೆ, ಸಾಂಗೋಲೆ, ಮಿರಜಗಳ ಮೇಲೆ ಹಾಯುವ ರಸ್ತೆಯದು. ಕೊಲ್ಹಾಪುರ, ಸಾಂಗಲಿಗಳ ವಕೀಲರಿಗೆ ಸಿಕ್ಕ ಅನುಕೂಲ ಸೊಲ್ಲಾಪುರದವರಿಗೆ ಅದೇ ಪ್ರಮಾಣದಲ್ಲಿ ಸಿಕ್ಕಿಲ್ಲ ಎನ್ನಲೇಬೇಕು. ಹಳೆಯ ಕಕ್ಷಿದಾರರು ಮುಂಬಯಿಯಲ್ಲಿ ಗೊತ್ತುಮಾಡಿಕೊಂಡಿದ್ದ ಹಿರಿಯ ವಕೀಲರ ನಂಟನ್ನೂ ಕಳೆದುಕೊಂಡು ಹೊಸಬರನ್ನು ಹುಡುಕಬೇಕಾಗಿದೆ. ಅಕ್ಕಲಕೋಟದ ರೈತನಿಗಂತೂ ಇದರಲ್ಲೊಂದು ವಿಪರ್ಯಾಸ ಕಾಣದಿರದು. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ ಅವನ ಊರಿನಿಂದ ನೂರು ಕಿಲೋಮೀಟರಿನೊಳಗೆ ಇದೆ, ಗಡಿಯಾಚೆಯ ಅವನ ಅಳಿಯನ ಅಪೀಲು ಅಲ್ಲಿ ನಡೆಯುತ್ತದೆ. ಅವನದು ಅದರ ಎರಡೂವರೆ ಪಟ್ಟು ದೂರದಲ್ಲಿ. ಸೊಲ್ಲಾಪುರಕ್ಕೆ ತಾಗಿಕೊಂಡಿರುವ ಧಾರಾಶಿವ ಜಿಲ್ಲೆಯ ಪ್ರಕರಣಗಳು ಛತ್ರಪತಿ ಸಂಭಾಜಿನಗರದ ಪೀಠಕ್ಕೆ ಹೋಗುತ್ತವೆ ಎಂಬುದನ್ನು ಸೇರಿಸಿದರೆ, ಹೈಕೋರ್ಟುಗಳ ವ್ಯಾಪ್ತಿಯನ್ನು ರಸ್ತೆ ನೋಡಿ ಗೊತ್ತುಪಡಿಸಿದವರು ಯಾರೂ ಇಲ್ಲವೆಂಬುದು ಖಚಿತವಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಮೂರು ಹೊಸ ಕಾನೂನುಗಳ ಸಂಖ್ಯಾ ಗೊಂದಲ ಇಲ್ಲಿಯೂ ಇದೆ, ಅದು ಕಾಲಕ್ರಮದಲ್ಲಿ ತೀರುವಂಥದು. ಆ ದಿನಕ್ಕೆ ಮೊದಲಿನ ಕೊಲೆ ಹಳೆಯ ಸಂಹಿತೆಯ ಕಲಂ 302, ಆಮೇಲಿನದು ಹೊಸದರ ಕಲಂ 103 ಎಂಬ ಇಬ್ಬಗೆಯ ಲೆಕ್ಕವನ್ನು ವಕೀಲರು ಇನ್ನೂ ಹತ್ತಿಪ್ಪತ್ತು ವರ್ಷ ನೆನಪಿಟ್ಟುಕೊಳ್ಳಬೇಕು. ಗಡಿಗೆ ನಿಜವಾಗಿ ಉಪಯೋಗವಾಗುವುದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173: ಅಪರಾಧ ಎಲ್ಲಿಯೇ ನಡೆದಿರಲಿ ಯಾವುದೇ ಠಾಣೆ ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕೆಂಬ, ಶೂನ್ಯ ಎಫ್‌ಐಆರ್ ಎಂದು ಕರೆಯಲಾಗುವ ವ್ಯವಸ್ಥೆ. ಭೀಮೆಯ ಆ ದಂಡೆಯಲ್ಲಿ ನಡೆದದ್ದು ನಮ್ಮ ಹದ್ದಲ್ಲ ಎಂದು ಈ ದಂಡೆಯ ಠಾಣೆ ಇನ್ನು ಹೇಳುವಂತಿಲ್ಲ. ಮರಾಠಿಯಲ್ಲಿ ಬರೆದ ಆ ದೂರು ಅಫಜಲಪುರ ಠಾಣೆ ಸೇರಿದಾಗ ಅಲ್ಲಿನ ತನಿಖಾಧಿಕಾರಿ ಅದನ್ನು ಓದಿಸಲು ಯಾರನ್ನು ಹುಡುಕಬೇಕೆಂಬುದನ್ನು ಕಲಂ ಹೇಳಿಲ್ಲ. ವಿದ್ಯುನ್ಮಾನ ದಾಖಲಾತಿಯ ಮಾತೂ ಹಾಗೆಯೇ: ಕೇಂದ್ರ ಸರ್ಕಾರ 2023ರಲ್ಲಿ 7,210 ಕೋಟಿ ರೂಪಾಯಿ ವೆಚ್ಚದ ಇ-ನ್ಯಾಯಾಲಯ ಯೋಜನೆಯ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಿದೆ, ಕಾಗದಗಳು ತೆರೆಯ ಮೇಲೆ ಬರುತ್ತವೆ, ಸ್ಕ್ಯಾನ್ ಆದ ಕನ್ನಡ ಪಹಣಿ ಸ್ಕ್ಯಾನ್ ಆದ ಮಾತ್ರಕ್ಕೆ ಮರಾಠಿಯಾಗುವುದಿಲ್ಲ.

ವೃತ್ತಿಗೆ ಹೊಸದಾಗಿ ಬರುವವರ ಮಟ್ಟಿಗೆ ಕೆಲವು ಅಡೆತಡೆಗಳು ಸರಿದಿವೆ. ನೋಂದಣಿ ಶುಲ್ಕವು ವಕೀಲರ ಅಧಿನಿಯಮದಲ್ಲಿ ಹೇಳಿದ 750 ರೂಪಾಯಿಯನ್ನು, ಪರಿಶಿಷ್ಟರಿಗೆ 125 ರೂಪಾಯಿಯನ್ನು ಮೀರುವಂತಿಲ್ಲವೆಂದು 2024ರ ಜುಲೈ 30ರ ಗೌರವ್ ಕುಮಾರ್ ತೀರ್ಪು ಹೇಳಿತು. ವಕೀಲರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕ 2023ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು, ಅಂಥದೇ ಕಾಯ್ದೆಯನ್ನು ಮಹಾರಾಷ್ಟ್ರದ ವಕೀಲರೂ ಕೇಳುತ್ತ ಬಂದಿದ್ದಾರೆ. ಕಕ್ಷಿದಾರನಿಗೆ ಸಲಹೆ ಕೊಟ್ಟ ಕಾರಣಕ್ಕೆ ತನಿಖಾ ಸಂಸ್ಥೆಗಳು ವಕೀಲರಿಗೇ ಸಮನ್ಸ್ ಕಳಿಸುವ ಪ್ರವೃತ್ತಿಗೆ ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 31ರಂದು ಕಡಿವಾಣ ಹಾಕಿತು. ಅದಕ್ಕೆ ಆಧಾರವಾದದ್ದು ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತಿನ ಗೋಪ್ಯತೆಯನ್ನು ಕಾಯುವ ಸಾಕ್ಷ್ಯ ಅಧಿನಿಯಮದ ಕಲಂ 132. ಆ ಕಲಮಿನ ರಕ್ಷಣೆ ವಕೀಲನ ಗುಮಾಸ್ತರಿಗೂ ದುಭಾಷಿಗಳಿಗೂ ಅನ್ವಯಿಸುತ್ತದೆಂದು ಶಾಸನವೇ ಹೇಳಿರುವುದು ಗಡಿನಾಡಿನಲ್ಲಿ ಹೆಚ್ಚು ಗಮನಿಸಬೇಕಾದ ಮಾತು. ಕೋರ್ಟಿನಲ್ಲಿ ಕಾಣದ ದುಭಾಷಿ ಶಾಸನದಲ್ಲಿ ಅಲ್ಲಲ್ಲಿ ಹೀಗೆ ಹಾಜರಿದ್ದಾನೆ.

ಅವನನ್ನು ಕಟಕಟೆಯ ಪಕ್ಕಕ್ಕೆ ತರಲು ಗಡಿ ವಿವಾದದ ತೀರ್ಪಿಗೆ ಕಾಯಬೇಕಾಗಿಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ಕನ್ನಡ, ತೆಲುಗು, ಉರ್ದು ಬಲ್ಲ ದುಭಾಷಿಗಳ ಪಟ್ಟಿಯೊಂದನ್ನು ಇಟ್ಟು ದಿನಭತ್ಯೆ ಕೊಡುವುದು ಆಡಳಿತದ ಸಣ್ಣ ಕೆಲಸ. ನೇಕಾರಿಕೆಯಿಂದ ಬೆಳೆದ, ಪದ್ಮಶಾಲಿ ತೆಲುಗರೂ ಲಿಂಗಾಯತ ಕನ್ನಡಿಗರೂ ದಖನಿ ಮುಸಲ್ಮಾನರೂ ಒಟ್ಟಿಗೆ ಬಾಳುವ ಸೊಲ್ಲಾಪುರದಂಥ ಊರಿನಲ್ಲಿ ಅಂಥವರಿಗೇನೂ ಬರವಿಲ್ಲ. ಅದಾಗುವವರೆಗೆ ವಕೀಲರ ಕೈಯಲ್ಲಿಯೇ ಇರುವ ದಾರಿಯೊಂದಿದೆ. ಎರಡು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಗಳ, ಅಂದರೆ ವಾರಂಟ್ ಪ್ರಕರಣಗಳ ವಿಚಾರಣೆ ದಂಡಾಧಿಕಾರಿಯ ಮುಂದೆ ನಡೆಯುವಾಗ, ಆರೋಪಿಯ ವಕೀಲನ ಸಮಕ್ಷಮದಲ್ಲಿ ಸಾಕ್ಷ್ಯವನ್ನು ಧ್ವನಿ-ದೃಶ್ಯ ಮುದ್ರಣ ಮಾಡಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 310 ಅವಕಾಶ ಕೊಡುತ್ತದೆ. ಮುದ್ರಣವಿದ್ದರೆ ಸಾಕ್ಷಿ ಕನ್ನಡದಲ್ಲಿ ನುಡಿದ ಮೂಲ ಮಾತು ಕಡತದಲ್ಲಿ ಉಳಿಯುತ್ತದೆ, ಮರಾಠಿ ಬರೆಹದ ಬಗ್ಗೆ ಕೊಲ್ಹಾಪುರದಲ್ಲಿ ಸಂಶಯ ಎದ್ದರೂ ಅದನ್ನು ಮತ್ತೆ ಕೇಳಿ ಪರಿಶೀಲಿಸಬಹುದು. ಮುದ್ರಣಕ್ಕೂ ಪ್ರಮಾಣ ಮಾಡಿದ ದುಭಾಷಿಗೂ ಕೋರುವ, 310, 312, 317ನೇ ಕಲಮುಗಳನ್ನು ಉಲ್ಲೇಖಿಸುವ ಅರ್ಜಿ ಎರಡು ಪುಟವನ್ನು ಮೀರಲಾರದು. ಸಾಕ್ಷಿ ಕಟಕಟೆ ಏರುವ ಮೊದಲೇ ಅದನ್ನು ಸಲ್ಲಿಸಬೇಕು, ನ್ಯಾಯಾಲಯ ನಿರಾಕರಿಸಿದರೆ ಕಾರಣಸಹಿತ ಆದೇಶವನ್ನು ಕೇಳಿ ಪಡೆಯಬೇಕು, ಏಕೆಂದರೆ ವಿಚಾರಣಾ ನ್ಯಾಯಾಲಯದಲ್ಲಿ ಎತ್ತದ ಭಾಷೆಯ ತಕರಾರನ್ನು ಅಪೀಲಿನಲ್ಲಿ ಮೊದಲ ಬಾರಿಗೆ ಎತ್ತಿದರೆ ಆರೋಪಿಗೆ ಅದರಿಂದ ಆದ ಅನ್ಯಾಯವೇನೆಂದು ತೋರಿಸುವ ಹೊಣೆಯೂ ಅದೇ ವಕೀಲನ ಮೇಲೆ ಬೀಳುತ್ತದೆ.